ಹೆಡ್ ಸ್ಟಡ್ ಕೂರಿಸುವ ಮೊದಲು ತೂತು ನೋಡಿ

ಹೊಸ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಕೂರುವ ಸಿಲಿಂಡರ್ ಹೆಡ್‌ಗೂ ನಡುವೆ ಸೋರದಂತೆ ಇಡುವ ಹಾಳೆ) ಹಾಕಿದ್ದು ಮೊನ್ನೆ ಮೊನ್ನೆ. ಆಗಲೇ ರೇಡಿಯೇಟರ್‌ನಲ್ಲಿ ಗುಳ್ಳೆ ಏಳುತ್ತಿದೆ, ಕೂಲೆಂಟ್ ಕಡಿಮೆಯಾಗುತ್ತಿದೆ. ಬೈಗುಳ ಬೀಳುವುದು ಗ್ಯಾಸ್ಕೆಟ್‌ಗೆ. ಪಾಪ, ಎಷ್ಟೋ ಸಲ ಅದರದ್ದೇನೂ ತಪ್ಪಿರುವುದಿಲ್ಲ. ನಾವು ಎಷ್ಟು ಬಿಗಿಯಾಗಿ ಒತ್ತಿ ಹಿಡಿಯುತ್ತೇವೋ ಅಷ್ಟೇ ಅದು ತಡೆಯುತ್ತದೆ. ಒತ್ತಿ ಹಿಡಿಯುವುದು ಸ್ಟಡ್‌ನ ಕೆಲಸ. ಸ್ಟಡ್ ಅಂದರೆ ಎರಡೂ ತುದಿಯಲ್ಲಿ ಥ್ರೆಡ್ (ತಿರುಪಿನ ಗೆರೆ) ಇರುವ ಸ್ಟೀಲ್ ಕಡ್ಡಿ; ಒಂದು ತುದಿ ಬ್ಲಾಕ್‌ನ ತೂತಿಗೆ ಹೋಗುತ್ತದೆ, ಹೆಡ್‌ನ ಮೇಲೆ ಬರುವ ಇನ್ನೊಂದು ತುದಿಗೆ ನಟ್.

ಟಾರ್ಕ್ ರೆಂಚ್ (ಗೊತ್ತು ಮಾಡಿಟ್ಟ ತಿರುಗಿಸುವ ಬಲ, ಅಂದರೆ ಟಾರ್ಕ್, ಮುಟ್ಟಿದಾಗ ಸದ್ದು ಮಾಡುವ ಪಾನಾ) ‘ಟಿಕ್’ ಅಂದಿತಲ್ಲ, ಸರಿಯಾಗಿಯೇ ಟೈಟ್ ಆಗಿರಬೇಕು ಅಂತ ನೀವು ಹೇಳಬಹುದು. ಆ ಟಿಕ್ ಹೇಳುವುದು ಒಂದೇ ಸಂಗತಿ: ನಟ್ ತಿರುಗಿಸಲು ಎಷ್ಟು ಕಷ್ಟವಾಯಿತು ಅಂತ. ಕಷ್ಟ ಯಾಕಾಯಿತು ಅನ್ನುವುದು ರೆಂಚ್‌ಗೆ ಗೊತ್ತಿಲ್ಲ. ಸ್ಟಡ್ ಚೆನ್ನಾಗಿ ಎಳೆದುಕೊಂಡಿದ್ದರೂ ಕಷ್ಟವಾಗುತ್ತದೆ, ಥ್ರೆಡ್‌ನಲ್ಲಿ ತುಕ್ಕು ಕೂತಿದ್ದರೂ ಕಷ್ಟವಾಗುತ್ತದೆ. ಅದಕ್ಕೇ ಇಲ್ಲಿ ರೆಂಚ್ ಹಿಡಿಯುವ ಮಾತು ಕೊನೆಗೆ ಬರುತ್ತದೆ. ಅದಕ್ಕೂ ಮೊದಲು ಮಾಡುವ ಕೆಲಸ ಬೇಕಾದಷ್ಟಿದೆ, ಅದರಲ್ಲಿ ಮುಕ್ಕಾಲು ಪಾಲು ಬರೀ ತೊಳೆಯುವುದು, ಒರೆಸುವುದು.

ಬೋಲ್ಟ್ ಬಿಟ್ಟು ಸ್ಟಡ್ ಯಾಕೆ

ಬೋಲ್ಟ್ ಟೈಟ್ ಮಾಡುವಾಗ ಅದು ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಉದ್ದಕ್ಕೆ ಹಿಗ್ಗುತ್ತದೆ, ಜೊತೆಗೆ ತಿರುಚಿಕೊಳ್ಳುತ್ತದೆ. ಅದರ ಥ್ರೆಡ್ ಬ್ಲಾಕ್‌ನ ಥ್ರೆಡ್ ಮೇಲೆ ಭಾರ ಹೊತ್ತುಕೊಂಡೇ ಉಜ್ಜಿಕೊಂಡು ಹೋಗುತ್ತದೆ. ಪ್ರತಿ ಸಲ ಹೆಡ್ ಬಿಚ್ಚಿ ಹಾಕಿದಾಗಲೂ ಬ್ಲಾಕ್‌ನ ಥ್ರೆಡ್ ಸ್ವಲ್ಪ ಸವೆಯುತ್ತದೆ. ಅಲ್ಯೂಮಿನಿಯಂ ಬ್ಲಾಕ್ ಆದರೆ ಇನ್ನೂ ಬೇಗ.

ಸ್ಟಡ್ ಹಾಗಲ್ಲ. ಅದು ಬ್ಲಾಕ್‌ನಲ್ಲಿ ಒಮ್ಮೆ ಹೋಗಿ ಕೂತರೆ ಅಲ್ಲೇ ಇರುತ್ತದೆ. ತಿರುಗುವುದು ಮೇಲಿನ ನಟ್ ಮಾತ್ರ. ಹೀಗಾಗಿ ಸ್ಟಡ್ ಹೆಚ್ಚುಕಡಿಮೆ ನೇರವಾಗಿ ಉದ್ದಕ್ಕೆ ಎಳೆದುಕೊಳ್ಳುತ್ತದೆ, ತಿರುಚುವಿಕೆ ಕಡಿಮೆ. ಇನ್ನೊಂದು ಅನುಕೂಲ ಥ್ರೆಡ್‌ನದ್ದು. ಬ್ಲಾಕ್ ಕಡೆಯ ತುದಿಯಲ್ಲಿ ದಪ್ಪ ಥ್ರೆಡ್, ನಟ್ ಕಡೆಯ ತುದಿಯಲ್ಲಿ ಸಣ್ಣ ಥ್ರೆಡ್ ಇಟ್ಟುಕೊಳ್ಳಬಹುದು. 10 ಮಿಲಿಮೀಟರ್ ಸ್ಟಡ್ ಆದರೆ ಸಾಮಾನ್ಯವಾಗಿ ಕೆಳಗೆ 1.5 ಪಿಚ್, ಮೇಲೆ 1.25 ಪಿಚ್ (ಪಿಚ್ ಅಂದರೆ ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ಅಂತರ, ಮಿಲಿಮೀಟರ್‌ನಲ್ಲಿ). ಎರಕದ ಲೋಹಕ್ಕೆ ದಪ್ಪ ಥ್ರೆಡ್ ಒಳ್ಳೆಯ ಹಿಡಿತ ಕೊಡುತ್ತದೆ, ಸಣ್ಣ ಥ್ರೆಡ್‌ನಲ್ಲಿ ಎಳೆತವನ್ನು ನಾಜೂಕಾಗಿ ಕೂರಿಸಬಹುದು.

ತೊಂದರೆಯೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಗಾಡಿಯಲ್ಲೇ ಇದ್ದರೆ, ಸ್ಟಡ್‌ನ ಪೂರ್ತಿ ಉದ್ದ ದಾಟುವವರೆಗೆ ಹೆಡ್ ಅನ್ನು ನೇರ ಮೇಲಕ್ಕೆ ಎತ್ತಬೇಕು. ಮೇಲೆ ಜಾಗ ಇಲ್ಲದಿದ್ದರೆ ಎತ್ತುವುದು ಎಲ್ಲಿಗೆ? ಸ್ಟಡ್ ಕೊಳ್ಳುವ ಮೊದಲು ಬಾನೆಟ್ ತೆರೆದು ಟೇಪ್ ಹಿಡಿದು ಅಳೆಯಿರಿ. ಕಂಪನಿಯಿಂದ ಬಂದ ಹಾಗೇ ಇರುವ, ದಿನಬಳಕೆಯ ಎಂಜಿನ್‌ಗೆ ಒಳ್ಳೆಯ ಹೊಸ ಬೋಲ್ಟ್‌ಗಳೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಟರ್ಬೊ ಒತ್ತಡ ಏರಿಸಿದ್ದರೆ, ಕಂಪ್ರೆಷನ್ ಜಾಸ್ತಿ ಮಾಡಿದ್ದರೆ, ಅಥವಾ ಹೆಡ್ ಪದೇ ಪದೇ ಬಿಚ್ಚಬೇಕಾಗುವ ಎಂಜಿನ್ ಆಗಿದ್ದರೆ ಸ್ಟಡ್ ಹಾಕಿ.

ಏನೇನು ಬೇಕು

ಟಾರ್ಕ್ ರೆಂಚ್, ಸಾಕೆಟ್ ಸೆಟ್, ಅಲೆನ್ ಕೀ, ವರ್ನಿಯರ್ ಕ್ಯಾಲಿಪರ್, ಫೀಲರ್ ಗೇಜ್ (ಸಂದಿಯ ಅಗಲ ಅಳೆಯುವ ತೆಳು ಸ್ಟೀಲ್ ಎಲೆಗಳು), ನಿಖರವಾದ ಸ್ಟೀಲ್ ನೇರಪಟ್ಟಿ, ಬ್ರೇಕ್ ಕ್ಲೀನರ್, ಕಂಪ್ರೆಸರ್ ಗಾಳಿ, ನೈಲಾನ್ ಬ್ರಷ್, ನಾರು ಬಿಡದ ಬಟ್ಟೆ, ಥ್ರೆಡ್ ಸೀಲರ್ ಪೇಸ್ಟ್, ಸ್ಟಡ್ ಜೊತೆ ಬಂದ ಲೂಬ್ರಿಕೆಂಟ್. ಕಣ್ಣಿಗೆ ಕನ್ನಡಕ ಮರೆಯಬೇಡಿ. ಮರೆತರೆ ಏನಾಗುತ್ತದೆ ಅನ್ನುವುದು ತೂತಿಗೆ ಗಾಳಿ ಹೊಡೆದಾಗ ಗೊತ್ತಾಗುತ್ತದೆ.

ಇದರ ಜೊತೆ ಎರಡು ಕಾಗದ ಬೇಕು. ಒಂದು ನಿಮ್ಮ ಎಂಜಿನ್‌ನ ವರ್ಕ್‌ಶಾಪ್ ಮ್ಯಾನುಯಲ್, ಇನ್ನೊಂದು ಸ್ಟಡ್ ತಯಾರಿಸಿದವರು ಕೊಟ್ಟ ಹಾಳೆ. ಬಿಗಿಯುವ ಕ್ರಮ ಮ್ಯಾನುಯಲ್‌ನಿಂದ, ಟಾರ್ಕ್ ಸಂಖ್ಯೆ ಸ್ಟಡ್‌ನ ಹಾಳೆಯಿಂದ. ಇವೆರಡನ್ನು ಅದಲು ಬದಲು ಮಾಡಬೇಡಿ. ಮ್ಯಾನುಯಲ್‌ನಲ್ಲಿ ‘ಇಷ್ಟು ಟಾರ್ಕ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ’ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಒಂದೇ ಸಲ ಬಳಸುವ, ಪೂರ್ತಿ ಹಿಗ್ಗುವ ಹಾಗೆ ಮಾಡಿದ ಬೋಲ್ಟ್‌ಗೆ ಬರೆದ ಲೆಕ್ಕ. ಸ್ಟಡ್‌ಗೆ ಅದನ್ನು ಹಾಕಿದರೆ ಕೆಡುತ್ತದೆ.

ಹಳೆಯದನ್ನು ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿ ಬಿಟ್ಟು ಬೆಳಿಗ್ಗೆ ಬಿಚ್ಚಿದರೆ ಒಳ್ಳೆಯದು. ಬಿಚ್ಚುವ ಕ್ರಮ ಬಿಗಿಯುವ ಕ್ರಮಕ್ಕೆ ತಿರುಗಾಮುರುಗಾ: ಹೊರಗಿನಿಂದ ಒಳಗೆ. ಒಂದೇ ಸಲಕ್ಕೆ ಒಂದನ್ನು ಪೂರ್ತಿ ಸಡಿಲಿಸದೆ, ಎಲ್ಲವನ್ನೂ ಕಾಲು ಸುತ್ತು, ಅರ್ಧ ಸುತ್ತಿನಂತೆ ಲೂಸ್ ಮಾಡುತ್ತಾ ಬನ್ನಿ. ಇಲ್ಲದಿದ್ದರೆ ಹೆಡ್ ಬಾಗುವ ಸಾಧ್ಯತೆ ಇದೆ.

ಒಂದು ರಟ್ಟಿನ ಮೇಲೆ ಹೆಡ್‌ನ ಚಿತ್ರ ಬರೆದು, ತೂತು ಇರುವ ಕಡೆ ಚುಚ್ಚಿ, ಬಿಚ್ಚಿದ ಬೋಲ್ಟ್‌ಗಳನ್ನು ಅದೇ ಜಾಗಕ್ಕೆ ಸಿಕ್ಕಿಸಿಡಿ. ಬರೀ ಉದ್ದ ತಿಳಿಯುವುದಕ್ಕಲ್ಲ ಇದು. ಯಾವ ಬೋಲ್ಟ್‌ನ ತುದಿಯಲ್ಲಿ ಕೂಲೆಂಟ್ ಬಣ್ಣದ ಪೊರೆ ಇದೆ, ಯಾವುದರಲ್ಲಿ ಎಣ್ಣೆ ಜಿಡ್ಡು ಇದೆ, ಯಾವುದು ಒಣಗಿದೆ ಅಂತ ನೋಡಿ ಪಕ್ಕದಲ್ಲಿ ಬರೆದುಕೊಳ್ಳಿ. ಯಾವ ತೂತು ನೀರಿನ ಜಾಕೆಟ್‌ಗೆ (ಬ್ಲಾಕ್‌ನೊಳಗೆ ಕೂಲೆಂಟ್ ಓಡಾಡುವ ಜಾಗ) ತೆರೆದುಕೊಂಡಿದೆ ಅನ್ನುವ ಸುಳಿವು ಅಲ್ಲೇ ಸಿಗುತ್ತದೆ.

ಹಳೆಯ ಸ್ಟಡ್ ಇದ್ದರೆ ತೆಗೆಯಲು ಎರಡು ನಟ್‌ನ ಉಪಾಯ ಸಾಕು. ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿಯಾಗಿ ಕಚ್ಚಿಸಿ, ಕೆಳಗಿನ ನಟ್‌ಗೆ ಪಾನಾ ಹಾಕಿ ಬಿಚ್ಚಿ. ಜಾಮ್ ಆಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು ಕೊಡಿ, ಬ್ಲಾಕ್‌ನ ಆ ಭಾಗ ಸ್ವಲ್ಪ ಬಿಸಿ ಮಾಡಿ. ಬೆಂಕಿ ಹಿಡಿಯುವ ಎಣ್ಣೆ ಅಲ್ಲಿ ಉಳಿದಿಲ್ಲ ಅಂತ ನೋಡಿಕೊಂಡು ಮಾತ್ರ ಬಿಸಿ ಮಾಡಿ. ಸಿಟ್ಟಿನಲ್ಲಿ ಎಳೆದರೆ ಸ್ಟಡ್ ಬ್ಲಾಕ್‌ನ ಮಟ್ಟಕ್ಕೇ ಮುರಿಯುತ್ತದೆ, ಆಮೇಲೆ ಡ್ರಿಲ್ ಹಿಡಿದು ಕೂರಬೇಕು.

ತೂತಿನ ಕೆಲಸ

ಇಲ್ಲಿ ಆತುರ ಬೇಡ. ಅರ್ಧ ದಿನ ಹೋದರೂ ಹೋಗಲಿ.

ಮೊದಲು ಸಿಲಿಂಡರ್‌ಗಳನ್ನೂ ಎಣ್ಣೆ ದಾರಿಗಳನ್ನೂ ಬಟ್ಟೆ ತುರುಕಿ ಮುಚ್ಚಿ. ತೂತಿನಿಂದ ಹಾರಿದ ಕಸ ಅಲ್ಲಿಗೇ ಹೋಗಿ ಬೀಳುತ್ತದೆ. ಆಮೇಲೆ ಪ್ರತಿ ತೂತಿಗೂ ಬ್ರೇಕ್ ಕ್ಲೀನರ್ ಹೊಡೆದು ನೈಲಾನ್ ಬ್ರಷ್ ಆಡಿಸಿ, ತೂತಿನ ಬಾಯಿಗೆ ಬಟ್ಟೆ ಅಡ್ಡ ಹಿಡಿದು ಗಾಳಿ ಹೊಡೆಯಿರಿ.

ಈಗ ಥ್ರೆಡ್ ಸ್ವಚ್ಛ ಮಾಡುವುದು. ಹೆಚ್ಚಿನವರು ಇಲ್ಲಿ ಸೀದಾ ಟ್ಯಾಪ್ ಹಾಕುತ್ತಾರೆ. ಬೇಡ. ಟ್ಯಾಪ್ ಇರುವುದು ಲೋಹ ಕತ್ತರಿಸುವುದಕ್ಕೆ, ಅದು ಕಸದ ಜೊತೆ ಒಳ್ಳೆಯ ಥ್ರೆಡ್ ಅನ್ನೂ ಕೆತ್ತಿ ತೆಗೆಯುತ್ತದೆ. ಸ್ಟಡ್ ಆಮೇಲೆ ಸಡಿಲವಾಗಿ ಆಡುತ್ತದೆ. ಬೇಕಾದದ್ದು ಥ್ರೆಡ್ ಚೇಸರ್. ಅದು ಕತ್ತರಿಸುವುದಿಲ್ಲ, ಇರುವ ಥ್ರೆಡ್‌ನ ದಾರಿಯಲ್ಲೇ ಹೋಗಿ ಕಸ ಕೆರೆದು ತರುತ್ತದೆ.

ಚೇಸರ್ ಸಿಗದಿದ್ದರೆ ನೀವೇ ಮಾಡಿಕೊಳ್ಳಬಹುದು. ಬಿಚ್ಚಿದ ಹಳೆಯ ಹೆಡ್ ಬೋಲ್ಟ್‌ಗಳಲ್ಲಿ ಥ್ರೆಡ್ ಚೆನ್ನಾಗಿರುವ ಒಂದನ್ನು ಆರಿಸಿಕೊಳ್ಳಿ. ಹಿಗ್ಗಿ ಸೊಂಟ ಸಣ್ಣಗಾದದ್ದು ಬೇಡ. ವೈಸ್‌ನಲ್ಲಿ ಹಿಡಿದು ಥ್ರೆಡ್ ಇರುವ ಭಾಗದಲ್ಲಿ ಉದ್ದಕ್ಕೆ ಮೂರು ಸೀಳು ಹ್ಯಾಕ್ಸಾದಿಂದ ಕೊಯ್ಯಿರಿ. ಕೊಯ್ದ ಅಂಚಿನ ಚೂಪು ಹೋಗುವಂತೆ ಸಣ್ಣ ಅರದಿಂದ ಉಜ್ಜಿ. ಅಷ್ಟೇ, ಚೇಸರ್ ರೆಡಿ. ಸ್ವಲ್ಪ ಎಣ್ಣೆ ಹಚ್ಚಿ ಕೈಯಲ್ಲೇ ತಿರುಗಿಸಿ ಇಳಿಸಿ. ಎರಡು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ. ಹೊರಗೆ ತೆಗೆದಾಗ ಸೀಳಿನೊಳಗೆ ಕಪ್ಪು ಮಸಿಯಂಥ ಹಿಟ್ಟು ತುಂಬಿರುತ್ತದೆ. ಒರೆಸಿ ಮತ್ತೆ ಇಳಿಸಿ. ಹಿಟ್ಟು ಬರುವುದು ನಿಲ್ಲುವವರೆಗೂ ಬಿಡಬೇಡಿ. ಎಲ್ಲ ತೂತಿನಲ್ಲೂ ಚೇಸರ್ ಒಂದೇ ಥರ ಹಗುರವಾಗಿ ಇಳಿಯಬೇಕು. ಯಾವುದಾದರೂ ಒಂದರಲ್ಲಿ ಸಿಕ್ಕಿಕೊಂಡರೆ ಅಲ್ಲೊಂದು ಕಥೆ ಇದೆ ಅಂತಲೇ ಅರ್ಥ. ಟಾರ್ಚ್ ಬಿಟ್ಟು ನೋಡಿ.

ಚೇಸರ್ ಆದ ಮೇಲೆ ಮತ್ತೊಮ್ಮೆ ತೊಳೆದು, ಗಾಳಿ ಹೊಡೆದು, ತಳ ಒಣಗಿದೆಯೇ ನೋಡಿ. ಸಣ್ಣ ಕಡ್ಡಿಗೆ ಬಟ್ಟೆ ಸುತ್ತಿ ತಳದವರೆಗೆ ಇಳಿಸಿ ತೆಗೆಯಿರಿ. ಬಟ್ಟೆ ಒಣಗಿಯೇ ಬರಬೇಕು.

ಇದಕ್ಕೆ ಯಾಕಿಷ್ಟು ಒತ್ತು ಕೊಡುತ್ತಿದ್ದೇನೆ ಅಂದರೆ, ನಾನೇ ಪೆಟ್ಟು ತಿಂದಿದ್ದೇನೆ. ಮೊದಮೊದಲ ಕೆಲಸ. ಹತ್ತು ಸ್ಟಡ್ ಹಾಕಿ ಪಕ್ಕದಿಂದ ಕಣ್ಣು ಸಮಕ್ಕೆ ಇಟ್ಟು ನೋಡಿದರೆ ಒಂಬತ್ತು ಒಂದೇ ಮಟ್ಟ, ಮೂಲೆಯದೊಂದು ಮಾತ್ರ ಸುಮಾರು 3 ಮಿಲಿಮೀಟರ್ ಮೇಲೆ. ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಹೋಗಿ ಸ್ಪ್ರಿಂಗ್ ಥರ ಹಿಂದಕ್ಕೆ ತಳ್ಳುತ್ತಿತ್ತು. ಬಿಚ್ಚಿದಾಗ ತುದಿಯಿಂದ ಎಣ್ಣೆ ತೊಟ್ಟಿಕ್ಕಿತು. ತಳ ಮುಚ್ಚಿದ ತೂತು, ಒಳಗೆ ಸ್ವಲ್ಪ ಎಣ್ಣೆ ಉಳಿದಿತ್ತು. ಎಣ್ಣೆಯನ್ನು ಅಮುಕಿ ಚಿಕ್ಕದು ಮಾಡಲು ಆಗುವುದಿಲ್ಲ. ಕೈಯಲ್ಲಿ ತಿರುಗಿಸುತ್ತಿದ್ದೆ, ಅದಕ್ಕೇ ಬಚಾವ್. ಪಾನಾ ಹಾಕಿ ತಿರುಗಿಸಿದ್ದರೆ ಸ್ಟಡ್ ಪಿಸ್ಟನ್ ಥರ, ಎಣ್ಣೆ ಜಾಕ್ ಥರ ಕೆಲಸ ಮಾಡಿ ಬ್ಲಾಕ್ ಬಿರುಕು ಬಿಡುತ್ತಿತ್ತು. ಅವತ್ತಿನಿಂದ ಕಡ್ಡಿ ಇಳಿಸದೆ ಒಂದೂ ಸ್ಟಡ್ ಹಾಕಿಲ್ಲ.

ಥ್ರೆಡ್ ಸ್ಲಿಪ್ ಆಗಿದ್ದರೆ ಅಂಟು, ಟೇಪ್ ಅಂತ ಸುಮ್ನೆ ತೇಪೆ ಹಾಕಬೇಡಿ. ಥ್ರೆಡ್ ಇನ್ಸರ್ಟ್ (ತೂತು ಕೊರೆದು ಒಳಗೆ ಕೂರಿಸುವ ಹೊಸ ಥ್ರೆಡ್) ಹಾಕಿಸಿ, ಅದೂ ನೇರವಾಗಿ ಕೊರೆಯಲು ಯಂತ್ರ ಇರುವವರ ಹತ್ತಿರ. ಬ್ಲಾಕ್‌ನೊಳಗೆ ಎಷ್ಟು ಉದ್ದ ಥ್ರೆಡ್ ಕಚ್ಚಬೇಕು ಅನ್ನುವುದಕ್ಕೆ ಒಂದು ಅಂದಾಜು ಇದೆ. ಎರಕದ ಕಬ್ಬಿಣದಲ್ಲಿ ಸ್ಟಡ್ ದಪ್ಪದ ಒಂದೂವರೆ ಪಟ್ಟು, ಅಲ್ಯೂಮಿನಿಯಂನಲ್ಲಿ ಎರಡು ಪಟ್ಟು. 10 ಮಿಲಿಮೀಟರ್ ಸ್ಟಡ್‌ಗೆ 15 ಮತ್ತು 20 ಮಿಲಿಮೀಟರ್ ಆಯಿತು.

ಬ್ಲಾಕ್‌ನ ಮೇಲ್ಮೈ

ಹಳೆಯ ಬೋಲ್ಟ್ ವರ್ಷಗಟ್ಟಲೆ ಎಳೆದು ಎಳೆದು ತೂತಿನ ಬಾಯಿಯ ಸುತ್ತ ಲೋಹ ಸ್ವಲ್ಪ ಉಬ್ಬಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಉಗುರು ಆಡಿಸಿದರೆ ಗೊತ್ತಾಗುತ್ತದೆ. ಗ್ಯಾಸ್ಕೆಟ್ ಸಮವಾಗಿ ಕೂರದೆ ಇರಲು ಇಷ್ಟು ಉಬ್ಬು ಸಾಕು. ಚಪ್ಪಟೆ ಎಣ್ಣೆಕಲ್ಲಿನಿಂದ ಉಜ್ಜಿ ಮಟ್ಟ ಮಾಡಿ. ತೂತಿನ ಬಾಯಿಗೆ ಸಣ್ಣ ಇಳಿಜಾರು ಇದ್ದರೆ ಮೇಲಿನ ಮೊದಲ ಥ್ರೆಡ್ ಎಳೆತಕ್ಕೆ ಮೇಲೇಳುವುದಿಲ್ಲ. ಇಲ್ಲದಿದ್ದರೆ ಮಷಿನ್ ಶಾಪ್‌ನಲ್ಲಿ ಹಾಕಿಸಿಕೊಳ್ಳಿ.

ಹಳೆಯ ಗ್ಯಾಸ್ಕೆಟ್ ಕೆರೆಯಲು ಪ್ಲಾಸ್ಟಿಕ್ ಸ್ಕ್ರೇಪರ್, ಗ್ಯಾಸ್ಕೆಟ್ ಕರಗಿಸುವ ದ್ರವ ಬಳಸಿ. ಡ್ರಿಲ್‌ಗೆ ಹಾಕುವ ಉಜ್ಜುವ ಪ್ಯಾಡ್ ಬೇಡವೇ ಬೇಡ. ನುಣ್ಣಗೆ ಹೊಳೆಯುತ್ತದೆ ನಿಜ. ಆದರೆ ಅದು ಅಲ್ಲಲ್ಲಿ ತಗ್ಗು ಮಾಡುತ್ತದೆ, ಅದರಿಂದ ಉದುರುವ ಪುಡಿ ಎಣ್ಣೆಯ ಜೊತೆ ಸೇರಿ ಬೇರಿಂಗ್ ತಿನ್ನುತ್ತದೆ.

ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ ತೂರಿಸಿ ನೋಡಿ. ಬ್ಲಾಕ್‌ಗೂ ಹೆಡ್‌ಗೂ ಎರಡಕ್ಕೂ ಮಾಡಿ. ಬಹಳಷ್ಟು ಎಂಜಿನ್‌ಗಳಲ್ಲಿ 0.05 ಮಿಲಿಮೀಟರ್ ಎಲೆ ಎಲ್ಲೂ ನುಗ್ಗದಿದ್ದರೆ ಚಿಂತೆ ಇಲ್ಲ. ಅಂತಿಮ ಮಾತು ಮ್ಯಾನುಯಲ್‌ನದ್ದು. ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್ ಹಾಕುವುದಾದರೆ ಮೇಲ್ಮೈ ಇನ್ನೂ ನುಣುಪಾಗಿರಬೇಕು. ಮೆಷಿನಿಂಗ್ ಮಾಡಿಸುವಾಗ ಯಾವ ಗ್ಯಾಸ್ಕೆಟ್ ಅಂತ ಮೊದಲೇ ಹೇಳಿ.

ಬೋರಿಂಗ್, ಹೋನಿಂಗ್ (ಸಿಲಿಂಡರ್‌ನ ಒಳಗೋಡೆ ಕೊರೆದು ಉಜ್ಜುವುದು) ಕೂಡ ಮಾಡಿಸುತ್ತಿದ್ದೀರಾ? ಹಾಗಾದರೆ ಸ್ಟಡ್ ಸೆಟ್ ಅನ್ನು ಬ್ಲಾಕ್ ಜೊತೆಗೇ ಕಳಿಸಿ. ಹೆಡ್ ಬಿಗಿದಾಗ ಸಿಲಿಂಡರ್ ಗೋಡೆ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ. ಬೋಲ್ಟ್‌ಗೆ ಒಂದು ಥರ, ಸ್ಟಡ್‌ಗೆ ಇನ್ನೊಂದು ಥರ. ಟಾರ್ಕ್ ಪ್ಲೇಟ್ (ಆ ಹೊತ್ತಿಗೆ ಹೆಡ್‌ನ ಬದಲು ಬಿಗಿಯುವ ದಪ್ಪ ಲೋಹದ ತಟ್ಟೆ) ಅನ್ನು ನಿಮ್ಮ ಸ್ಟಡ್‌ಗಳಿಂದಲೇ ಬಿಗಿದು ಹೋನ್ ಮಾಡಿದರೆ, ಆಮೇಲೆ ಹೆಡ್ ಹಾಕಿದಾಗ ಸಿಲಿಂಡರ್ ದುಂಡಗಿರುತ್ತದೆ.

ಸ್ಟಡ್‌ಗಳನ್ನು ನೋಡಿಕೊಳ್ಳುವುದು

ಡಬ್ಬಿಯಿಂದ ತೆಗೆದ ಹಾಗೇ ಹಾಕಬೇಡಿ. ತುಕ್ಕು ಹಿಡಿಯದಿರಲೆಂದು ಹಚ್ಚಿದ ಎಣ್ಣೆ ಇರುತ್ತದೆ, ಅದನ್ನು ತೊಳೆದು ಒಣಗಿಸಿ. ಉದ್ದ ಅಳೆಯಿರಿ. ಒಂದೇ ಸೆಟ್‌ನಲ್ಲಿ ಎರಡು ಉದ್ದದ ಸ್ಟಡ್ ಇರುವುದು ಮಾಮೂಲು. ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿದರೆ ಬಾಗಿದ್ದು ಕುಣಿಯುತ್ತದೆ.

ಪ್ರತಿ ನಟ್ ಅನ್ನೂ ಅದರ ಸ್ಟಡ್‌ಗೆ ಕೈಯಿಂದ ಹಾಕಿ, ಥ್ರೆಡ್ ಮುಗಿಯುವವರೆಗೆ ಓಡಿಸಿ. ಬೆರಳ ತುದಿಯಲ್ಲಿ ಸಲೀಸಾಗಿ ಓಡಬೇಕು. ಬ್ಲಾಕ್‌ನಲ್ಲಿ ಹಾಕಿ, ಹಳೆಯ ಗ್ಯಾಸ್ಕೆಟ್ ಇಟ್ಟು ಹೆಡ್ ಇಳಿಸಿ ಒಮ್ಮೆ ತಾಲೀಮು ಮಾಡಿದರೆ ಇನ್ನೂ ಒಳ್ಳೆಯದು. ಆಗ ಮೂರು ಸಂಗತಿ ಗೊತ್ತಾಗುತ್ತವೆ. ಹೆಡ್ ಎಲ್ಲೂ ಸ್ಟಡ್‌ಗೆ ತಗಲದೆ ಇಳಿಯುತ್ತದೆಯೇ? ನಟ್ ಪೂರ್ತಿ ಕಚ್ಚಿ ಮೇಲೆ ಒಂದೆರಡು ಥ್ರೆಡ್ ಉಳಿಯುತ್ತದೆಯೇ? ವಾಲ್ವ್ ಕವರ್‌ಗೋ ರಾಕರ್‌ಗೋ ಸ್ಟಡ್ ತುದಿ ತಾಗುತ್ತದೆಯೇ? ಇನ್ನೊಂದು, ನಟ್ ಕೆಳಗೆ ಹೋಗಿ ಥ್ರೆಡ್ ಮುಗಿದ ಕಡೆ ಸಿಕ್ಕಿಕೊಳ್ಳಬಾರದು. ಸಿಕ್ಕಿಕೊಂಡರೆ ರೆಂಚ್ ಟಿಕ್ ಅನ್ನುತ್ತದೆ, ಹೆಡ್ ಮೇಲೆ ಮಾತ್ರ ಒತ್ತಡವೇ ಬಿದ್ದಿರುವುದಿಲ್ಲ.

ಸ್ಟಡ್ ಕೂರಿಸುವುದು

ತೂತು ನೀರಿನ ಜಾಕೆಟ್‌ಗೆ ತೆರೆದಿದ್ದರೆ ಸ್ಟಡ್‌ನ ಕೆಳಗಿನ ಥ್ರೆಡ್‌ಗೆ ಸೀಲರ್ ಪೇಸ್ಟ್ ಹಚ್ಚಿ. ಹಚ್ಚದಿದ್ದರೆ ಕೂಲೆಂಟ್ ಥ್ರೆಡ್ ಹಿಡಿದು ಮೇಲೆ ಬಂದು ನಟ್ ಅಡಿಯಲ್ಲಿ ಜಿನುಗುತ್ತದೆ, ಅಥವಾ ಎಣ್ಣೆಗೆ ಸೇರುತ್ತದೆ. ಸುತ್ತಲೂ ತೆಳುವಾಗಿ ಹಚ್ಚಿದರೆ ಸಾಕು. ತಳ ಮುಚ್ಚಿದ ತೂತಾದರೆ ಸೀಲರ್ ಬೇಡ, ಥ್ರೆಡ್‌ಗೆ ಒಂದು ತೊಟ್ಟು ಎಣ್ಣೆ ಸವರಿ, ಅಷ್ಟೇ.

ಈಗ ಕೈಯಿಂದ ತಿರುಗಿಸಿ ಇಳಿಸಿ. ಕೈಯಿಂದಲೇ. ಬೆರಳ ಬಿಗಿ ಸಾಕು. ಸ್ಟಡ್ ತಲೆಯಲ್ಲಿ ಅಲೆನ್ ಕೀ ಗುಂಡಿ ಇರುತ್ತದಲ್ಲ, ಅದು ಇರುವುದು ಸ್ಟಡ್ ಅನ್ನು ತಿರುಗಿಸಿ ಇಳಿಸಲು, ಬಿಗಿಯಲು ಅಲ್ಲ. ತಯಾರಕರ ಹಾಳೆಯಲ್ಲಿ ಏನಾದರೂ ಸಣ್ಣ ಟಾರ್ಕ್ ಕೊಟ್ಟಿದ್ದರೆ ಅಷ್ಟು ಮಾತ್ರ. ಕೆಳಗೆ ಜೋರಾಗಿ ಬಿಗಿದರೆ ಹಿಡಿತ ಹೆಚ್ಚುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹಿಡಿತ ಬರುವುದು ನಟ್ ಮೇಲಿನಿಂದ ಎಳೆದಾಗ. ಕೆಳಗೆ ಬಿಗಿದರೆ ಸ್ಟಡ್ ಒಂದು ಪಕ್ಕಕ್ಕೆ ವಾಲುತ್ತದೆ, ತಳಕ್ಕೆ ಒದ್ದು ಬ್ಲಾಕ್‌ಗೆ ಏಟಾಗಲೂಬಹುದು.

ಥ್ರೆಡ್ ಲಾಕ್ ಅಂಟು ಹಾಕಲೇಬೇಕು ಅಂತ ಹಾಳೆಯಲ್ಲಿದ್ದರೆ ನೆನಪಿಡಿ: ಅಂಟು ಗಟ್ಟಿಯಾಗುವ ಮೊದಲೇ ಹೆಡ್ ಹಾಕಿ ಕೊನೆಯ ಟಾರ್ಕ್ ಮುಗಿಸಬೇಕು. ಸ್ಟಡ್ ವಾಲಿದ ಜಾಗದಲ್ಲೇ ಅಂಟು ಗಟ್ಟಿಯಾದರೆ ಹೆಡ್ ಇಳಿಯುವುದೇ ಇಲ್ಲ.

ಎಲ್ಲ ಹಾಕಿದ ಮೇಲೆ ವರ್ನಿಯರ್‌ನಿಂದ ಪ್ರತಿಯೊಂದರ ಎತ್ತರ ಅಳೆಯಿರಿ. ಒಂದೇ ಉದ್ದದವು ಒಂದೇ ಮಟ್ಟದಲ್ಲಿ ಇರಬೇಕು. ಮೇಲೆ ಜಾಗ ಇಲ್ಲದೆ ಮೊದಲು ಹೆಡ್ ಇಟ್ಟು ಆಮೇಲೆ ಸ್ಟಡ್ ಇಳಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರಿಗೆ ಅಲೆನ್ ಗುಂಡಿ ಇರುವ ಸ್ಟಡ್ ಬೇಕೇ ಬೇಕು.

ಗ್ಯಾಸ್ಕೆಟ್ ಮತ್ತು ಹೆಡ್

ಡವೆಲ್ ಪಿನ್‌ಗಳು ಜಾಗದಲ್ಲಿವೆಯೇ ನೋಡಿ. ಸ್ಟಡ್ ಇದೆಯಲ್ಲ ಅಂತ ಡವೆಲ್ ಬಿಡಬೇಡಿ. ಹೆಡ್ ಅನ್ನು ಜಾಗಕ್ಕೆ ಸರಿಯಾಗಿ ತರುವುದು ಡವೆಲ್, ಸ್ಟಡ್‌ನ ಸುತ್ತ ತೂತಿನಲ್ಲಿ ಸಡಿಲ ಇರುತ್ತದೆ. ಗ್ಯಾಸ್ಕೆಟ್‌ನ ಮೇಲುಗಡೆ ಯಾವುದು, ಎಣ್ಣೆ ತೂತು ಸರಿ ಹೊಂದುತ್ತದೆಯೇ ಅಂತ ಎರಡು ಸಲ ನೋಡಿ. ತಯಾರಕರು ಹೇಳದಿದ್ದರೆ ಸಿಲಿಕೋನ್ ಹಚ್ಚಬೇಡಿ.

ಹೆಡ್ ಇಳಿಸಲು ಇಬ್ಬರಿದ್ದರೆ ಒಳ್ಳೆಯದು. ನೇರ ಕೆಳಗೆ ಬರಬೇಕು. ಓರೆಯಾದರೆ ಸ್ಟಡ್‌ನ ಥ್ರೆಡ್ ಹೆಡ್‌ನ ತೂತನ್ನು ಕೆರೆದು ಅಲ್ಯೂಮಿನಿಯಂ ಚೂರು ಗ್ಯಾಸ್ಕೆಟ್ ಮೇಲೆ ಉದುರುತ್ತದೆ.

ಎಣ್ಣೆಯ ಲೆಕ್ಕ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ನಟ್ ತಿರುಗಿಸಲು ನೀವು ಹಾಕುವ ಬಲದಲ್ಲಿ ನೂರಕ್ಕೆ ಸುಮಾರು 50 ಭಾಗ ನಟ್ ಮತ್ತು ವಾಷರ್ ನಡುವಿನ ಘರ್ಷಣೆಗೆ ಹೋಗುತ್ತದೆ. ಇನ್ನು 40 ಭಾಗ ಥ್ರೆಡ್‌ನ ಘರ್ಷಣೆಗೆ. ಸ್ಟಡ್ ಎಳೆಯಲು ಉಳಿಯುವುದು ಸುಮಾರು 10 ಭಾಗ. ಘರ್ಷಣೆ ಸ್ವಲ್ಪ ಹೆಚ್ಚುಕಡಿಮೆಯಾದರೆ ಆ ಹತ್ತು ಎಲ್ಲಿಂದ ಎಲ್ಲಿಗೋ ಹೋಗಿಬಿಡುತ್ತದೆ.

ಒಂದು ಲೆಕ್ಕ ಹಾಕೋಣ. 10.9 ಗ್ರೇಡ್‌ನ 10 ಮಿಲಿಮೀಟರ್ ಸ್ಟಡ್. 10.9 ಅಂದರೆ ಮುರಿಯುವ ಬಲ ಪ್ರತಿ ಚದರ ಮಿಲಿಮೀಟರ್‌ಗೆ 1000 ನ್ಯೂಟನ್, ಮತ್ತೆ ಹಳೆಯ ಉದ್ದಕ್ಕೆ ಬಾರದಂತೆ ಹಿಗ್ಗಿಹೋಗುವ ಮಿತಿ ಅದರ ಹತ್ತರಲ್ಲಿ ಒಂಬತ್ತು ಪಾಲು, ಅಂದರೆ 900. ಸಣ್ಣ ಥ್ರೆಡ್‌ನಲ್ಲಿ ಬಲ ಹೊರುವ ಅಡ್ಡಕೊಯ್ತ ಸುಮಾರು 61 ಚದರ ಮಿಲಿಮೀಟರ್, ದಪ್ಪ ಥ್ರೆಡ್‌ನಲ್ಲಿ 58. ಕಡಿಮೆ ಇರುವುದನ್ನೇ ಹಿಡಿದರೆ ಮಿತಿ ಸುಮಾರು 52 ಸಾವಿರ ನ್ಯೂಟನ್. ಅದರ ಮುಕ್ಕಾಲಿಗೆ ಬಿಗಿಯೋಣ, 39 ಸಾವಿರ. ಹೆಚ್ಚುಕಡಿಮೆ ನಾಲ್ಕು ಟನ್ ಎಳೆತ, ಒಂದೇ ಒಂದು ಸ್ಟಡ್‌ನಲ್ಲಿ!

ಥ್ರೆಡ್ ಒಣಗಿದ್ದರೆ ಈ ಎಳೆತ ಬರಲು ಸುಮಾರು 78 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಒಳ್ಳೆಯ ಲೂಬ್ರಿಕೆಂಟ್ ಹಚ್ಚಿದ್ದರೆ ಸುಮಾರು 51 ಸಾಕು. ಈಗ ಲೂಬ್ರಿಕೆಂಟ್ ಹಚ್ಚಿ, ಒಣ ಥ್ರೆಡ್‌ನ 78 ಕೊಟ್ಟರೆ? ಎಳೆತ 60 ಸಾವಿರ ನ್ಯೂಟನ್. ಮಿತಿ ದಾಟಿ ಆಯಿತು, ಸ್ಟಡ್ ಹಿಗ್ಗಿ ಹೋಯಿತು. ರೆಂಚ್ ಮಾತ್ರ ಎರಡು ಸಲವೂ ಒಂದೇ ಥರ ಟಿಕ್ ಅನ್ನುತ್ತದೆ. ಇವು ವಿಷಯ ಅರ್ಥವಾಗಲೆಂದು ಹಾಕಿದ ಅಂದಾಜು ಲೆಕ್ಕ, ನಿಮ್ಮ ಎಂಜಿನ್‌ಗೆ ಇದನ್ನೇ ಹಾಕಬೇಡಿ.

ಹಾಗಾಗಿ ಹಾಳೆಯಲ್ಲಿ ಯಾವ ಲೂಬ್ರಿಕೆಂಟ್‌ಗೆ ಯಾವ ಟಾರ್ಕ್ ಅಂತ ಬರೆದಿದೆಯೋ ಅದನ್ನೇ ಜೋಡಿಯಾಗಿ ಬಳಸಿ. ಎಂಜಿನ್ ಆಯಿಲ್‌ಗೆ ಕೊಟ್ಟ ಸಂಖ್ಯೆ ಬೇರೆ, ಮಾಲಿಬ್ಡಿನಂ ಪೇಸ್ಟ್‌ಗೆ ಕೊಟ್ಟದ್ದು ಬೇರೆ.

ಹಚ್ಚುವ ಜಾಗ ಎರಡು. ಸ್ಟಡ್‌ನ ಮೇಲಿನ ಥ್ರೆಡ್, ಮತ್ತೆ ನಟ್ ಕೂರುವ ವಾಷರ್‌ನ ಮೇಲ್ಮುಖ. ವಾಷರ್‌ನ ಅಡಿಗೆ ಹಚ್ಚಬೇಡಿ. ಅಡಿ ಒಣಗಿದ್ದರೆ ವಾಷರ್ ಹೆಡ್ ಮೇಲೆ ಕಚ್ಚಿ ನಿಲ್ಲುತ್ತದೆ, ನಟ್ ಮಾತ್ರ ತಿರುಗುತ್ತದೆ. ನಮಗೆ ಬೇಕಾದದ್ದು ಅದೇ. ವಾಷರ್ ಗಟ್ಟಿ ಮಾಡಿದ, ಉಜ್ಜಿ ಸಮ ಮಾಡಿದ್ದು ಇರಬೇಕು. ಬೇರೆ ಡಬ್ಬಿಯಿಂದ ಸಿಕ್ಕಿದ್ದು ಹಾಕಿದರೆ ನಟ್ ಅದರೊಳಗೆ ಹೂತುಕೊಳ್ಳುತ್ತದೆ. ಒಂದು ಕಡೆ ಅಂಚು ಇಳಿಜಾರಾಗಿದ್ದರೆ ಆ ಕಡೆ ಮೇಲಕ್ಕೆ, ನಟ್‌ನ ಕಡೆಗೆ.

ಬಿಗಿಯುವುದು

ಎಲ್ಲ ನಟ್ ಕೈಯಿಂದ ಹಾಕಿ ವಾಷರ್‌ಗೆ ತಾಗುವವರೆಗೆ ತನ್ನಿ. ಮ್ಯಾನುಯಲ್‌ನ ಕ್ರಮದ ಚಿತ್ರವನ್ನು ಕಣ್ಣೆದುರಿಗೆ ಅಂಟಿಸಿಕೊಳ್ಳಿ. ಸಾಮಾನ್ಯವಾಗಿ ಅದು ನಡುವಿನಿಂದ ಶುರುವಾಗಿ ಹೊರಗೆ ಹೋಗುತ್ತದೆ. ಎರಡು ಸಾಲಲ್ಲಿ ಐದೈದರಂತೆ ಹತ್ತು ಸ್ಟಡ್ ಇದ್ದರೆ ಮೊದಲು ನಡುವಿನ ಎರಡು, ಆಮೇಲೆ ಆ ಪಕ್ಕ ಈ ಪಕ್ಕ ದಾಟುತ್ತಾ ಕೊನೆಗೆ ನಾಲ್ಕು ಮೂಲೆ. ಹಾಸಿಗೆಯ ಮೇಲೆ ಬೆಡ್‌ಶೀಟ್ ಹಾಸಿ ನಡುವಿನಿಂದ ಅಂಚಿಗೆ ಕೈ ಸವರಿದರೆ ಸುಕ್ಕು ಹೊರಗೆ ಹೋಗುತ್ತದಲ್ವಾ, ಹಾಗೆ.

ಮೂರು ಹಂತದಲ್ಲಿ ಬಿಗಿಯಿರಿ. ಕೊನೆಯ ಟಾರ್ಕ್ 90 ನ್ಯೂಟನ್ ಮೀಟರ್ ಆದರೆ ಮೊದಲ ಸುತ್ತು 30, ಎರಡನೆಯದು 60, ಮೂರನೆಯದು 90. ಪ್ರತಿ ಹಂತದಲ್ಲೂ ಪೂರ್ತಿ ಕ್ರಮ ಮುಗಿಸಿಯೇ ಮುಂದಕ್ಕೆ ಹೋಗಿ. ಮೂರನೆಯ ಸುತ್ತಿನಲ್ಲಿ ಬಿಗಿದ ನಟ್‌ಗೆ ಬಣ್ಣದ ಪೆನ್ನಿನಿಂದ ಗೆರೆ ಎಳೆಯಿರಿ. ಮಧ್ಯೆ ಫೋನ್ ಬಂದರೂ ಯಾವುದು ಆಗಿದೆ, ಯಾವುದು ಇಲ್ಲ ಅಂತ ಗೊಂದಲ ಇರುವುದಿಲ್ಲ.

ರೆಂಚ್ ಅನ್ನು ಒಂದೇ ಸಮನೆ, ನಿಧಾನವಾಗಿ ಎಳೆಯಿರಿ. ಜಗ್ಗಬೇಡಿ. ಟಿಕ್ ಅಂದ ಮೇಲೆ ‘ಇನ್ನೊಂದು ಸಲ ಇರಲಿ’ ಅಂತ ಮತ್ತೆ ಎಳೆಯಬೇಡಿ. ಹಿಡಿಗೆ ಪೈಪ್ ಸಿಕ್ಕಿಸಬೇಡಿ. ಮುಖ್ಯವಾಗಿ, ಸಂಖ್ಯೆ ಯಾವ ಅಳತೆಯಲ್ಲಿದೆ ಅಂತ ನೋಡಿಕೊಳ್ಳಿ. 1 ಫುಟ್ ಪೌಂಡ್ ಅಂದರೆ 1.356 ನ್ಯೂಟನ್ ಮೀಟರ್. 80 ನ್ಯೂಟನ್ ಮೀಟರ್ ಹಾಕಬೇಕಾದ ಕಡೆ 80 ಫುಟ್ ಪೌಂಡ್ ಹಾಕಿದರೆ 108 ಆಗಿಬಿಡುತ್ತದೆ.

ಬಿಗಿಯುವಾಗ ಕೈಗೆ ಬರುವ ಸುದ್ದಿಗೂ ಗಮನ ಕೊಡಿ. ನಟ್ ಕಿರ್ ಕಿರ್ ಅಂತ ತಡೆ ತಡೆದು ತಿರುಗಿದರೆ ಲೂಬ್ರಿಕೆಂಟ್ ಸಾಕಾಗಿಲ್ಲ. ನಿಲ್ಲಿಸಿ, ಆ ಒಂದನ್ನು ಬಿಚ್ಚಿ, ಒರೆಸಿ, ಮತ್ತೆ ಹಚ್ಚಿ. ಟಾರ್ಕ್ ಏರದೆ ನಟ್ ಮೆತ್ತಗೆ ತಿರುಗುತ್ತಲೇ ಹೋದರೆ ಅಲ್ಲಿಗೇ ಕೈ ಬಿಡಿ. ಒಂದೋ ಸ್ಟಡ್ ಹಿಗ್ಗುತ್ತಿದೆ, ಇಲ್ಲವೇ ಬ್ಲಾಕ್‌ನ ಥ್ರೆಡ್ ಕಿತ್ತು ಬರುತ್ತಿದೆ. ಇನ್ನೊಂದು ಸುತ್ತು ನೋಡೋಣ ಅನ್ನುವ ಆಸೆ ಬೇಡ.

ಸ್ಟಾರ್ಟ್ ಮಾಡಿದ ಮೇಲೆ

ಎಂಜಿನ್ ಬಿಸಿಯಾದಾಗ ಅಲ್ಯೂಮಿನಿಯಂ ಹೆಡ್ ಸ್ಟೀಲ್ ಸ್ಟಡ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 100 ಮಿಲಿಮೀಟರ್ ಎತ್ತರದ ಹೆಡ್ 80 ಡಿಗ್ರಿ ಬಿಸಿ ಏರಿದರೆ ಅದು ಸುಮಾರು 0.18 ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ಉದ್ದದ ಸ್ಟಡ್ ಬೆಳೆಯುವುದು 0.1 ಮಿಲಿಮೀಟರ್‌ಗಿಂತ ಕಡಿಮೆ. ಬಿಸಿ ಎಂಜಿನ್‌ನಲ್ಲಿ ಸ್ಟಡ್ ಮೇಲಿನ ಎಳೆತ ಏರುವುದು ಇದರಿಂದಲೇ. ಬಿಸಿ ಇರುವಾಗ ಟಾರ್ಕ್ ನೋಡಿದರೆ ಲೆಕ್ಕ ತಪ್ಪುತ್ತದೆ.

ಮತ್ತೆ ಬಿಗಿಯಬೇಕೇ ಬೇಡವೇ ಅನ್ನುವುದು ಗ್ಯಾಸ್ಕೆಟ್ ಮೇಲೆ ನಿಂತಿದೆ. ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್‌ಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮೆತ್ತನೆಯ ಕಾಂಪೋಸಿಟ್ ಗ್ಯಾಸ್ಕೆಟ್ ಮೊದಲ ಬಿಸಿಗೆ ಸ್ವಲ್ಪ ಕುಸಿಯುತ್ತದೆ, ಅದಕ್ಕೆ ಬೇಕಾಗಬಹುದು. ಗ್ಯಾಸ್ಕೆಟ್ ಕವರ್ ಮೇಲೆ ಬರೆದಿರುತ್ತದೆ. ಬೇಕು ಅಂತಿದ್ದರೆ ಎಂಜಿನ್ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಕ್ರಮ ಹಿಡಿದು ಒಂದೊಂದೇ ನಟ್ ಕಾಲು ಸುತ್ತು ಲೂಸ್ ಮಾಡಿ ಮತ್ತೆ ಕೊನೆಯ ಟಾರ್ಕ್‌ಗೆ ತನ್ನಿ. ಲೂಸ್ ಮಾಡದೆ ಮೇಲಿಂದ ಮೇಲೆ ರೆಂಚ್ ಇಟ್ಟರೆ ಪ್ರಯೋಜನವಿಲ್ಲ. ನಿಂತ ನಟ್ ಕದಲಲು ಜಾಸ್ತಿ ಬಲ ಬೇಕು, ಅದು ಕದಲುವ ಮೊದಲೇ ರೆಂಚ್ ಟಿಕ್ ಅಂದುಬಿಡುತ್ತದೆ. ಎಲ್ಲ ನಟ್ ಒಟ್ಟಿಗೆ ಮಾತ್ರ ಲೂಸ್ ಮಾಡಬೇಡಿ, ಗ್ಯಾಸ್ಕೆಟ್ ಹೋಗುತ್ತದೆ.

ಮೊದಲ ಸ್ಟಾರ್ಟ್‌ಗೆ ಮುಂಚೆ ಕೂಲೆಂಟ್ ತುಂಬಿ ಗಾಳಿ ಹೊರಡಿಸಿ. ಹತ್ತು ನಿಮಿಷ ಸುಮ್ನೆ ಐಡಲ್‌ನಲ್ಲಿ ಬಿಟ್ಟು ಹೆಡ್ ಮತ್ತು ಬ್ಲಾಕ್ ಕೂಡುವ ಗೆರೆಯುದ್ದಕ್ಕೂ ಟಾರ್ಚ್ ಆಡಿಸಿ. ನಿಲ್ಲಿಸಿ, ತಣ್ಣಗಾದ ಮೇಲೆ ಕೂಲೆಂಟ್ ಮಟ್ಟ, ಆಯಿಲ್ ಕಡ್ಡಿ ಎರಡೂ ನೋಡಿ. ವಾಲ್ವ್ ಕವರ್ ತೆಗೆದು ಜಾಕೆಟ್‌ಗೆ ತೆರೆದ ಸ್ಟಡ್‌ಗಳ ವಾಷರ್ ಸುತ್ತ ಒಣ ಟಿಶ್ಯೂ ಒತ್ತಿ ನೋಡಿ. ಟಿಶ್ಯೂಗೆ ಕೂಲೆಂಟ್ ಬಣ್ಣ ಹತ್ತಿದರೆ ಆ ಸ್ಟಡ್‌ನ ಸೀಲರ್ ಹಿಡಿದಿಲ್ಲ. ಹತ್ತದಿದ್ದರೆ ಕವರ್ ಮುಚ್ಚಿ, ಟಾರ್ಕ್ ರೆಂಚ್ ಅನ್ನು ಅದರ ಅತಿ ಕಡಿಮೆ ಗುರುತಿಗೆ ಇಳಿಸಿ ಡಬ್ಬಿಯಲ್ಲಿಡಿ.